ಒಂಬತ್ತು ಸಂಪುಟ ತೂತುಗಳು

ಕೊಳ್ಳೇಗಾಲದ ಬಸ್ ನಿಲ್ದಾಣಕ್ಕೆ ಇನ್ನೂ ತುಸು ದೂರವಿರುವಾಗಲೇ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ರೇಷ್ಮೆ ಗೂಡು ಬೇಯಿಸುವ ವಾಸನೆ. ಗೊತ್ತಿಲ್ಲದವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ. ಒಣಮೀನಲ್ಲ, ಹಳಸಿದ ಹುರುಳಿಕಟ್ಟಲ್ಲ, ಎರಡೂ ಸೇರಿ ಉಟ್ಟ ಬಟ್ಟೆಗೆ ಅಂಟಿಕೊಂಡ ಹಾಗೆ. ಪಕ್ಕದಲ್ಲಿ ಕುಳಿತಿದ್ದ ಮೈಸೂರಿನ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು, "ಏನಾಂಟಿ ಇದು?" ಎಂದಳು. "ಸೀರೆ" ಎಂದೆ. ಅವಳು ನನ್ನನ್ನು ಒಂದು ಥರ ನೋಡಿ ಮತ್ತೆ ಫೋನಿಗೆ ತಲೆ ಹಾಕಿದಳು.

ನನ್ನ ತೊಡೆಯ ಮೇಲೆ ಕೈಚೀಲವಿತ್ತು. ಅದರೊಳಗೆ ಹಳೇ ಪೇಪರಿನಲ್ಲಿ ಸುತ್ತಿದ ಒಂದು ಗೇಣು ರೇಷ್ಮೆ ಬಟ್ಟೆ. ಅದನ್ನು ಹನೂರಿನಲ್ಲಿರುವ ಒಬ್ಬನಿಗೆ ತಲುಪಿಸಬೇಕಿತ್ತು. ಹೋದ ತಿಂಗಳು ನಿವೃತ್ತಿಯಾದಾಗ, ಇನ್ನು ಬಸ್ಸು ಹತ್ತುವ ಉಸಾಬರಿಯೇ ಬೇಡ ಎಂದುಕೊಂಡವಳು ನಾನು. ಮಂಡಿ ಎರಡೂ ಮುಷ್ಕರ ಹೂಡಿ ಕೂತಿವೆ. ಆದರೂ ಹೊರಟಿದ್ದೆ. ಬಸ್ಸು ನಿಲ್ದಾಣಕ್ಕೆ ಬಂದು ನಿಂತಿತು, ಡ್ರೈವರು ಟೀ ಕುಡಿಯಲು ಇಳಿದ, ಕಡಲೆಕಾಯಿ ಬುಟ್ಟಿಗಳು ಕಿಟಕಿಯ ಕೆಳಗೆ ಬಂದವು. ನಾನು ಮೂಗು ಮುಚ್ಚಿಕೊಳ್ಳಲಿಲ್ಲ. ಆ ವಾಸನೆಯ ಜೊತೆ ನನ್ನ ಪಾಲಿನ ಒಂದು ಮಳೆಗಾಲ ಇಡಿಯಾಗಿ ಎದ್ದು ಬರುತ್ತಿತ್ತು.

ಅಮ್ಮ ತೀರಿಕೊಂಡ ವರ್ಷ ಅದು. ಹಾಸಿಗೆ ಹಿಡಿದ ಅಮ್ಮನಿಗೆ ದಿನಾ ಬೆಳಿಗ್ಗೆ ನಾನು ಪೇಪರು ಓದಿ ಹೇಳಬೇಕಿತ್ತು. ಮೊದಲು ಯಾರ್‍ಯಾರು ಸತ್ತರು, ಆಮೇಲೆ ಚಿನ್ನದ ರೇಟು, ಕೊನೆಗೆ ಮಿಕ್ಕದ್ದು. ಆ ಕ್ರಮ ತಪ್ಪಿದರೆ ಸಿಡುಕುತ್ತಿದ್ದಳು. ಅವಳು ಹೋದ ಮೇಲೆ ನನ್ನ ಗಂಟಲಿಗೂ ರಜೆ ಸಿಕ್ಕಿತು, ಇನ್ನು ಈ ಜನ್ಮದಲ್ಲಿ ಯಾರಿಗೂ ಏನನ್ನೂ ಓದಿ ಹೇಳುವುದಿಲ್ಲ ಎಂದುಕೊಂಡಿದ್ದೆ. ದುಃಖಕ್ಕಿಂತ ಹೆಚ್ಚಾಗಿ ದಣಿವು. ರಜೆ ಮುಗಿಸಿಕೊಂಡು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಮರಳಿದರೆ ನನ್ನ ಮೇಜಿನ ಮೇಲೆ ವರ್ಗಾವಣೆಯ ಆದೇಶ ಕಾದು ಕೂತಿತ್ತು. ಕೊಳ್ಳೇಗಾಲದ ಸ್ನಾತಕೋತ್ತರ ಕೇಂದ್ರದಲ್ಲಿ ಗ್ರಂಥಪಾಲಕರ ಹುದ್ದೆ ಖಾಲಿ ಬಿದ್ದು ಬಹಳ ಕಾಲವಾಗಿದೆ, ತಪಾಸಣೆಯ ಸಮಿತಿ ಬರುವುದರೊಳಗೆ ಹೋಗಿ ಅಲ್ಲಿನ ಪುಸ್ತಕಗಳನ್ನೆಲ್ಲ ಕಂಪ್ಯೂಟರಿನ ಪಟ್ಟಿಗೆ ತಾಳೆ ಹಾಕಿ ಎಂದು. ಮದುವೆ ಮಕ್ಕಳು ಇಲ್ಲದವಳು, ಈಗ ಅಮ್ಮನೂ ಇಲ್ಲ, ಇವಳನ್ನು ಎಲ್ಲಿಗೆ ಎಸೆದರೂ ಕೇಳುವವರಿಲ್ಲ ಎಂದು ಯಾರೋ ಲೆಕ್ಕ ಹಾಕಿದ್ದರು. ಅವರ ಲೆಕ್ಕ ಸರಿಯಾಗಿಯೇ ಇತ್ತು.

ಕೇಂದ್ರವಿದ್ದದ್ದು ಹಿಂದೆ ಯಾವುದೋ ಕಾಲದಲ್ಲಿ ರೇಷ್ಮೆ ಗೋದಾಮಾಗಿದ್ದ ಕಟ್ಟಡದಲ್ಲಿ. ಎತ್ತರದ ಗೋಡೆ, ಮೇಲೆ ಎಲ್ಲೋ ಗವಾಕ್ಷಿ, ಹಗಲಲ್ಲೂ ಟ್ಯೂಬ್‌ಲೈಟು. ಹಿಂದಿನ ಬೀದಿಯಲ್ಲೇ ನೂಲು ಬಿಚ್ಚುವ ಘಟಕವಿದ್ದದ್ದರಿಂದ ಗೂಡು ಬೇಯುವ ವಾಸನೆ ನನ್ನ ಟಿಫನ್ ಡಬ್ಬಿಯ ಮೊಸರನ್ನಕ್ಕೂ ಬರುತ್ತಿತ್ತು. ಬೀಗ ತೆಗೆದವನು ಅಟೆಂಡರ್ ಮಲ್ಲಣ್ಣ. ಮಧುವನಹಳ್ಳಿಯವನು, ಮನೆಯಲ್ಲಿ ಹೊಲವುಂಟು, ಹಸುವುಂಟು, ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ, ಹಣೆ ತುಂಬ ವಿಭೂತಿ ಇಟ್ಟುಕೊಂಡು ಕೆಲಸಕ್ಕೆ ಬರುವವನು. ಮೊದಲ ದಿನವೇ ನನ್ನ ಮುಖ ನೋಡಿ, "ಮೇಡಂ, ನೀವೂ ಟ್ರಾನ್ಸ್‌ಫರ್ ಮಾಡಿಸ್ಕಂಡ್ ಓಯ್ತೀರಾ, ಇಲ್ಲಾ ನಾಕ್ ದಿನ ಇರ್ತೀರಾ?" ಎಂದ. "ನಿಂಗೇನಪ್ಪ ಅವಸರ?" ಎಂದೆ. "ಇರಾದಾದ್ರೆ ಫ್ಯಾನ್ ರಿಪೇರಿಗೆ ಹೇಳ್ತೀನಿ. ಓಗದಾದ್ರೆ ಯಾಕ್ ಸುಮ್ನೆ" ಎಂದ. ಫ್ಯಾನ್ ರಿಪೇರಿಯಾಯಿತು.

ಆ ಊರಿನ ಮಳೆಗಾಲ ವಿಚಿತ್ರ. ಆಷಾಢವೆಲ್ಲ ಗಾಳಿ, ಮೋಡ, ಹನಿ ಮಾತ್ರ ಇಲ್ಲ. ಎಲ್ಲೋ ಮೇಲೆ ಸುರಿದ ಮಳೆಗೆ ಇಲ್ಲಿ ಹೊಳೆ ತುಂಬುತ್ತದೆ. "ಒಳೆ ಬಂತಂತೆ" ಎಂದು ಸತ್ತೇಗಾಲದ ವಿದ್ಯಾರ್ಥಿಗಳು ತರಗತಿ ಬಿಟ್ಟು ನೋಡಲು ಓಡುವರು. ನಾನು ಆ ಗೋದಾಮಿನಲ್ಲಿ ಧೂಳು ಕುಡಿಯುತ್ತಾ ಒಂದೊಂದೇ ಪುಸ್ತಕ ಮುಟ್ಟುತ್ತಾ ಕೂತೆ.

ಮುಟ್ಟುತ್ತಾ ಹೋದಂತೆ ಆ ಗ್ರಂಥಾಲಯ ಎಂಥ ವಿಚಿತ್ರ ಸಂತೆ ಎಂದು ತಿಳಿಯಿತು. ಕೇಂದ್ರ ಶುರುವಾದಾಗ ಪುಸ್ತಕ ಕೊಳ್ಳಲು ದುಡ್ಡಿಲ್ಲದೆ ಸುತ್ತಲಿನ ಮನೆಗಳಿಂದ ದಾನ ಪಡೆದಿದ್ದರಂತೆ. ಯಳಂದೂರಿನ ಯಾವುದೋ ದೊಡ್ಡ ಮನೆಯಿಂದ ಗಾಡಿಗಟ್ಟಲೆ ಬಂದಿತ್ತು. ಆನೆಗೆ ಹೊಟ್ಟೆ ನೋವು ಬಂದರೆ ಏನು ಕೊಡಬೇಕು ಎಂದು ಚಿತ್ರಸಮೇತ ವಿವರಿಸುವ ಇಂಗ್ಲಿಷ್ ಪುಸ್ತಕ, ಅದರ ಅಂಚಿನಲ್ಲಿ ಯಾರೋ ಕನ್ನಡದಲ್ಲಿ ಬರೆದಿದ್ದ "ಎಮ್ಮೆಗೂ ನಡೆಯುತ್ತದೆ" ಎಂಬ ಷರಾ. ರೇಖಾಗಣಿತವನ್ನು ಪದ್ಯದಲ್ಲಿ ಬರೆದ ಪುಣ್ಯಾತ್ಮನೊಬ್ಬನ ಕೃತಿ. ತ್ರಿಕೋನದ ಮೂರು ಕೋನಗಳನ್ನು ಮೂವರು ಓರಗಿತ್ತಿಯರಿಗೆ ಹೋಲಿಸಿದ್ದ. ಪುಟಗಳ ನಡುವೆ ಹಾವಿನ ಪೊರೆ ಗುರುತಿಗೆಂದು ಇಟ್ಟಿದ್ದ ಒಂದು ವೈದ್ಯದ ಪುಸ್ತಕ ಸಿಕ್ಕಾಗ ನಾನು ಕಿರುಚಿದ್ದಕ್ಕೆ ಮಲ್ಲಣ್ಣ ದೊಣ್ಣೆ ಹಿಡಿದು ಓಡಿ ಬಂದಿದ್ದ. ಇನ್ನೊಂದರೊಳಗೆ ರೇಷ್ಮೆ ಹುಳುವಿನ ಮೊಟ್ಟೆಯ ಹಾಳೆ. ಮೊಟ್ಟೆ ಒಡೆದು ಹುಳು ಹೊರಬಂದು, ತಿನ್ನಲು ಹಿಪ್ಪುನೇರಳೆ ಎಲೆ ಸಿಗದೆ, ಅರ್ಥಶಾಸ್ತ್ರದ ಪುಟದ ಮೇಲೇ ಕಪ್ಪು ಚುಕ್ಕೆಗಳಾಗಿ ಒಣಗಿದ್ದವು. ಅದನ್ನು ನೋಡಿ ನನಗೆ ಯಾಕೋ ಬಹಳ ಹೊತ್ತು ಕೆಲಸ ಮಾಡಲಾಗಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಬಿಳಿ ಕೋಲು ಹಿಡಿದ ಹುಡುಗನೊಬ್ಬ ಬಾಗಿಲಲ್ಲಿ ನಿಂತು, "ಲೈಬ್ರರಿ ಬೀಗ ತೆಗ್ದದೆ ಅಂದ್ರು, ನಿಜ್ವಾ?" ಎಂದ. ಹೆಸರು ಶಿವಮಲ್ಲು. ಬಂಡಳ್ಳಿಯವನು. ಹುಟ್ಟು ಕುರುಡ. ಮೈಸೂರಿನಲ್ಲಿ ಅಂಧ ಮಕ್ಕಳ ಶಾಲೆಯಲ್ಲಿ ಬ್ರೈಲ್ ಕಲಿತು, ಬಿ.ಎ. ಮುಗಿಸಿ, ಇಲ್ಲಿ ಇತಿಹಾಸದ ಎಂ.ಎ. ಮಾಡುತ್ತಿದ್ದ. ಎರಡು ಪೇಪರು ಉಳಿದುಕೊಂಡಿದ್ದವು. ಹಾಸ್ಟೆಲಿನಲ್ಲಿದ್ದಾಗ ಓದಿ ಹೇಳುತ್ತಿದ್ದ ಗೆಳೆಯ ಬಿ.ಎಡ್. ಮಾಡಲು ಹೋದ ಮೇಲೆ ಇವನಿಗೆ ಓದುವ ಬಾಯಿ ಇರಲಿಲ್ಲ. ದಸರೆಯ ನಂತರದ ಪರೀಕ್ಷೆಯೇ ಹಳೆಯ ಪಠ್ಯಕ್ರಮದಲ್ಲಿ ಕೊನೆಯ ಅವಕಾಶ. ಅದೂ ತಪ್ಪಿದರೆ ಇಷ್ಟು ವರ್ಷದ ಓದೆಲ್ಲ ನೀರಿನಲ್ಲಿ ಹೋಮ.

"ಫೋನಿನಲ್ಲಿ ಓದೋದು ಇದೆಯಲ್ಲಪ್ಪ?" ಎಂದೆ. ಆ ಹೊತ್ತಿಗೆ ಅವನು ಬೇಗ ಹೋದರೆ ಸಾಕಾಗಿತ್ತು ನನಗೆ.

"ಅದೆ ಮೇಡಂ. ಇಂಗ್ಲಿಷಾದ್ರೆ ಸರಿ. ಈ ಹಳೇ ಕನ್ನಡ ಬುಕ್ ಫೋಟೋ ಹೊಡ್ದು ಕೊಟ್ರೆ, ಒತ್ತಕ್ಷರ ಬಂದ್ ಕಡೆಯೆಲ್ಲ ಹಂಪ್ ಮೇಲೆ ಬಸ್ ಓದಂಗೆ ಎಗರ್ತಳೆ ಆ ಫೋನೊಳ್ಗಿನವ್ಳು. ರಾಜ ಸತ್ನೋ ಗೆದ್ನೋ ಗೊತ್ತಾಗಾಕಿಲ್ಲ." ಹೀಗೆಂದು ಜೇಬಿನಿಂದ ಮಡಚಿದ ಕಾಗದ ತೆಗೆದ. ಪುಸ್ತಕ ಓದಿ ಹೇಳುವ ಯಂತ್ರ ಬೇಕೆಂದು ವಿಶ್ವವಿದ್ಯಾಲಯಕ್ಕೆ ಅವನು ಬರೆದ ಅರ್ಜಿಗೆ ಬಂದ ಉತ್ತರ. "ಸದರಿ ಕೇಂದ್ರದ ಗ್ರಂಥಾಲಯದಲ್ಲಿ ಒಂಬತ್ತು ಬ್ರೈಲ್ ಸಂಪುಟಗಳು ಈಗಾಗಲೇ ಲಭ್ಯವಿರುವುದರಿಂದ ಹೊಸ ಸೌಲಭ್ಯದ ಪ್ರಶ್ನೆ ಉದ್ಭವಿಸುವುದಿಲ್ಲ" ಎಂದಿತ್ತು. ಅವನಿಗೆ ಕಾಗದದ ಮಾತು ಬಾಯಿಪಾಠವಾಗಿತ್ತು. "ಆ ಒಂಬತ್ತು ಸಂಪುಟ ನೋಡಾನ ಅಂತ ಓದ್ ವರ್ಷದಿಂದ ಬತ್ತಾ ಇವ್ನಿ ಮೇಡಂ. ಬೀಗ ಆಕಿರ್ತಿತ್ತು."

ಕಂಪ್ಯೂಟರಿನಲ್ಲಿ ನೋಡಿದೆ. ಇತ್ತು. ಮಲ್ಲಣ್ಣ ಹಿಂದಿನ ಕೋಣೆಯ ಕಬ್ಬಿಣದ ಬೀರು ತೆಗೆದ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಒಂಬತ್ತು ಗಂಟು, ಪ್ರತಿಯೊಂದಕ್ಕೂ ನಮ್ಮ ಮುದ್ರೆ, ನಂಬರು, "ಅಂಧರ ಪುಸ್ತಕ" ಎಂಬ ಚೀಟಿ. ನನಗೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಇಷ್ಟು ದಿನದ ಧೂಳಿನಲ್ಲಿ ಒಬ್ಬರಿಗಾದರೂ ಉಪಯೋಗಕ್ಕೆ ಬರುವುದೊಂದು ಸಿಕ್ಕಿತಲ್ಲ ಎಂದು. ಮೊದಲ ಗಂಟು ಬಿಚ್ಚಿ ಮೇಜಿನ ಮೇಲಿಟ್ಟೆವು. ಉದ್ದುದ್ದದ ದಪ್ಪ ರಟ್ಟಿನ ಪಟ್ಟಿಗಳು, ಒಂದಕ್ಕೊಂದು ದಾರದಲ್ಲಿ ಪೋಣಿಸಿದ್ದು. ಪಟ್ಟಿಯ ತುಂಬ ಸಾಲು ಸಾಲು ತೂತು.

ಶಿವಮಲ್ಲು ಕೈ ಒರೆಸಿಕೊಂಡು ಎರಡೂ ಕೈಯ ತೋರುಬೆರಳನ್ನು ಅದರ ಮೇಲಿಟ್ಟ. ನಿಧಾನವಾಗಿ ಎಡದಿಂದ ಬಲಕ್ಕೆ ಹೋದ. ಮತ್ತೆ ಹೋದ. ಅವನ ಹಣೆಯಲ್ಲಿ ಗೆರೆ ಮೂಡಿತು. ಪಟ್ಟಿಯನ್ನು ಮಗುಚಿ ಆ ಕಡೆಯಿಂದ ನೋಡಿದ. "ಮೇಡಂ, ಬ್ರೈಲು ಉಬ್ಬಿರ್ತದೆ. ಇದು ತೂತು ಬಿದ್ದದೆ" ಎಂದ. ಆದರೂ ಬಿಡಲಿಲ್ಲ. "ಹಳೇ ಕಾಲದ್ದೇನೋ. ತಮಿಳ್ಗಿಮಿಳಾ? ಇನ್ನೊಂದ್ ಕೊಡಿ." ಒಂದಾದ ಮೇಲೊಂದು ಬಿಚ್ಚಿ ಕೊಟ್ಟೆ. ಒಂಬತ್ತನೆಯದರ ಮೇಲೂ ಬೆರಳಾಡಿಸಿ ಕೈ ಹಿಂದಕ್ಕೆ ತೆಗೆದುಕೊಂಡ.

ಅಷ್ಟರಲ್ಲಿ ಅಲ್ಲೇ ಓದುತ್ತಾ ಕೂತಿದ್ದ ಗಾಯತ್ರಿ ಎದ್ದು ಬಂದಳು. ಪೇಟೆಯ ನೇಕಾರರ ಮನೆಯ ಹುಡುಗಿ, ಎಂ.ಎ. ಕೊನೆಯ ವರ್ಷ, ನನ್ನ ಗ್ರಂಥಾಲಯದ ಏಕೈಕ ನಿತ್ಯ ಓದುಗಾರ್ತಿ. ಮೇಜು ನೋಡಿದವಳೇ, "ಅಯ್ಯೋ ಮೇಡಂ! ಇದು ಮಗ್ಗದ ಕಾರ್ಡು!" ಎಂದು ಬಾಯಿ ಮುಚ್ಚಿಕೊಂಡು ನಕ್ಕಳು. ಸೀರೆಯ ಅಂಚಿನಲ್ಲಿ ಹೂವೋ ಬಳ್ಳಿಯೋ ಮೂಡಬೇಕಾದರೆ ಮಗ್ಗದ ಮೇಲಿನ ಜಕಾರ್ಡಿಗೆ ಇಂಥ ತೂತಿನ ಕಾರ್ಡುಗಳ ಸರ ಹಾಕುತ್ತಾರೆ, ತೂತಿದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ, ಹಾಗೆ ಚಿತ್ರವಾಗುತ್ತದೆ ಎಂದು ವಿವರಿಸಿದಳು. ನೇಯ್ಗೆ ಬಿಟ್ಟ ಯಾವುದೋ ಮನೆಯವರು ಪುಸ್ತಕಗಳ ಜೊತೆ ಇದನ್ನೂ ಕಟ್ಟಿ ಕಳಿಸಿರಬೇಕು. ಪಟ್ಟಿ ಮಾಡಿದ ನಮ್ಮ ವಿಶ್ವವಿದ್ಯಾಲಯದ ಯಾವನೋ ಪರವೂರಿನವನು ಹಾಳೆ ಇದೆ, ಹೊಲಿಗೆ ಇದೆ, ತೂತಿದೆ, ಅಂದಮೇಲೆ ಕುರುಡರ ಪುಸ್ತಕ ಎಂದು ತೀರ್ಮಾನಿಸಿದ್ದ. ನಾಲ್ಕು ಹೆಜ್ಜೆ ನಡೆದು ಹಿಂದಿನ ಬೀದಿಯಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು.

ಮಲ್ಲಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಶಿವಮಲ್ಲುವೂ ನಕ್ಕ. ಆಮೇಲೆ, "ಅಂಗಾರೆ ನಾನು ಓದ್ ವರ್ಷದಿಂದ ಸೀರೆ ಓದಾಕೆ ಕಾಯ್ತಾ ಇದ್ದೆ ಅನ್ನಿ" ಎಂದು ಕೋಲು ತೆಗೆದುಕೊಂಡು ಎದ್ದ. ಅವನು ಬಾಗಿಲ ತನಕ ಹೋಗುವುದನ್ನು ನೋಡುತ್ತಾ ನನಗೆ ತಡೆಯಲಾಗದಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ. "ನಾಳೆ ನಿನ್ನ ಪಠ್ಯಪುಸ್ತಕ ತಗೊಂಡು ಬಾ" ಎಂದುಬಿಟ್ಟೆ. ಅಂದ ಮೇಲೆ ಗೊತ್ತಾಯಿತು, ಬೇಡ ಎಂದುಕೊಂಡಿದ್ದ ಕೆಲಸವನ್ನೇ ಕೊರಳಿಗೆ ಕಟ್ಟಿಕೊಂಡಿದ್ದೆ.

ಹೀಗೆ ಓದುವುದು ಶುರುವಾಯಿತು. ಭೂಕಂದಾಯದ ಪದ್ಧತಿಗಳು, ಒಪ್ಪಂದಗಳು, ಆಡಳಿತ ಸುಧಾರಣೆಗಳು. ಬರೆದವರಿಗೂ ಬೇಸರವಾಗಿದ್ದಂಥ ಪುಸ್ತಕಗಳು. ಊಟದ ಹೊತ್ತಿನಲ್ಲಿ ಸ್ವಲ್ಪ, ಸಂಜೆ ಅವನ ಬಂಡಳ್ಳಿ ಬಸ್ಸಿನ ತನಕ ಸ್ವಲ್ಪ. ಅವನು ಕಣ್ಣು ಮುಚ್ಚಿ, ಬೆಂಚಿನ ಅಂಚಿಗೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಕೇಳುವನು. ಒಂದು ದಿನ ನನಗೆ ತೀರಾ ಸಾಕಾಗಿ ಮಧ್ಯೆ ಒಂದು ವಾಕ್ಯ ನುಂಗಿ ಮುಂದೆ ಹೋದೆ. ತಟ್ಟುವುದು ನಿಂತಿತು. "ಮೇಡಂ, ಒಂದ್ ಸಾಲು ಹಾರ್ಸ್‌ಬುಟ್ರಿ." "ನಿನಗೆ ಹೇಗೆ ಗೊತ್ತು?" "ಉಸ್ರು ತಕ್ಕಂಡ ಜಾಗ ಸರಿ ಇರ್ನಿಲ್ಲ" ಎಂದ. ಅಮ್ಮನೂ ಹೀಗೇ ಹಿಡಿಯುತ್ತಿದ್ದಳು, ಯಾವುದಾದರೂ ಸಾವಿನ ಸುದ್ದಿ ಬಿಟ್ಟು ಓದಿದರೆ. ಆ ವಾಕ್ಯ ಓದಿದೆ. ಮತ್ತೆ ಯಾವತ್ತೂ ನುಂಗಲಿಲ್ಲ.

ಗಂಟಲು ಕೆಟ್ಟ ದಿನ ಗಾಯತ್ರಿ ಓದುವಳು. ಅವಳಿಗೆ ಪುರಸೊತ್ತಿಲ್ಲದಿದ್ದರೆ ಮಲ್ಲಣ್ಣ. ಅವನ ಓದು ನೋಡಬೇಕು ನೀವು. ಎಸ್ಸೆಸ್ಸೆಲ್ಸಿ ಓದಿದವನು, ಒಂದೊಂದು ಅಕ್ಷರವನ್ನೂ ಹಸುವಿಗೆ ಬೂಸಾ ತಿನ್ನಿಸುವಂತೆ ನಿಧಾನವಾಗಿ ತಿನ್ನಿಸುತ್ತಾ, ಮಧ್ಯೆ ನಿಲ್ಲಿಸಿ, "ಇದು ನಮ್ಮಪ್ಪ ಕಟ್ತಿದ್ದ ಕಂದಾಯನೇ ಅಲ್ವ್ಲಾ ಶಿವಮಲ್ಲು? ಇವ್ನ್ ಯಾನ ದೊಡ್ಡದಾಗಿ ಎಸ್ರು ಇಟ್ಟವ್ನೆ" ಎನ್ನುವನು. ಆಮೇಲೆ ಶಾನುಭೋಗರು, ಒತ್ತುವರಿ, ತನ್ನ ದಾಯಾದಿಯ ಬದು ಎಲ್ಲ ಬರುತ್ತಿತ್ತು. ಪರೀಕ್ಷೆಗೆ ನೆನಪುಳಿದದ್ದು ಮಲ್ಲಣ್ಣ ಓದಿದ ಭಾಗವೇ ಎಂದು ಶಿವಮಲ್ಲು ಆಮೇಲೆ ನನಗೆ ಹೇಳಿದ. ಬೇರೆ ವಿದ್ಯಾರ್ಥಿಗಳೂ ಒಬ್ಬೊಬ್ಬರಾಗಿ ಬಂದು ಕೇಳತೊಡಗಿದರು, ಓದುವ ಶ್ರಮ ತಪ್ಪಿತಲ್ಲ ಎಂದು. "ನಿಶ್ಶಬ್ದ" ಎಂಬ ಬೋರ್ಡನ್ನು ಮಲ್ಲಣ್ಣ ಗೋಡೆಯ ಕಡೆಗೆ ತಿರುಗಿಸಿ ಹಾಕಿದ.

ಯಂತ್ರ ಬಂದರೆ ನನ್ನ ಗಂಟಲು ಉಳಿಯುತ್ತದೆ, ಇವನ ಮನೆಯಲ್ಲೂ ಓದು ನಡೆಯುತ್ತದೆ ಎಂದು ನಾನು ಕೇಂದ್ರ ಕಚೇರಿಗೆ ಬರೆದೆ. ಆ ಒಂಬತ್ತು ಪುಸ್ತಕಗಳಲ್ಲ, ಮಗ್ಗದ ಕಾರ್ಡುಗಳು, ಪಟ್ಟಿ ತಿದ್ದಿಕೊಂಡು ಹುಡುಗನ ಅರ್ಜಿ ಪರಿಗಣಿಸಿ ಎಂದು. ಉತ್ತರ ಬಂತು: ಇವು ಬ್ರೈಲ್ ಅಲ್ಲವೆಂದು ತಿಳಿದವರಿಂದ ದೃಢೀಕರಿಸಿ. ಆ ಸೀಮೆಯಲ್ಲಿ ಬ್ರೈಲ್ ಬಲ್ಲವನು ಶಿವಮಲ್ಲು ಒಬ್ಬನೇ, ಅವನಿಂದಲೇ ಬರೆಸಿ ಹೆಬ್ಬೆಟ್ಟು ಹಾಕಿಸಿ ಕಳಿಸಿದೆ. ಅರ್ಜಿದಾರನ ದೃಢೀಕರಣ ಸ್ವೀಕಾರಾರ್ಹವಲ್ಲ ಎಂದರು. ಫೋನು ಮಾಡಿದರೆ ಸೂಪರಿಂಟೆಂಡೆಂಟ್, "ಮೇಡಂ, ಬ್ರೈಲ್ ಅಲ್ಲ ಅನ್ನೋದಾದ್ರೆ ಏನು ಅನ್ನೋದಕ್ಕೆ ಆಧಾರ ಬೇಕಲ್ವಾ? ನಾಳೆ ಆಡಿಟ್‌ನವರು ಕೇಳ್ತಾರೆ" ಎಂದರು. "ನೇಯ್ದು ಕಳಿಸಲಾ?" ಎಂದೆ ಹಲ್ಲು ಕಚ್ಚಿ. "ಕಳಿಸಿ, ಫೈಲಿಗೆ ಲಗತ್ತಿಸೋಣ" ಎಂದರು. ತಮಾಷೆಯಲ್ಲ, ನಿಜವಾಗಿಯೂ.

ಗಾಯತ್ರಿಯ ತಂದೆ ವೆಂಕಟಾಚಲಯ್ಯನವರ ಬಳಿ ಹೋದೆವು. ಪವರ್‌ಲೂಮಿನ ಸದ್ದು ತುಂಬಿದ ಬೀದಿಯಲ್ಲಿ ಕೈಮಗ್ಗ ಉಳಿಸಿಕೊಂಡಿದ್ದ ಮನೆ ಅವರದು. ಕಾರ್ಡುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಮುಖ ಅರಳಿತು. ಆದರೆ ಕೆಳಗಿಟ್ಟರು. "ಇನ್ನೊಬ್ಬರ ಮನೆ ಅಂಚು ನಾವು ಮಗ್ಗಕ್ಕೆ ಏರಿಸೋ ಹಂಗಿಲ್ಲಮ್ಮ" ಎಂದರು. ಅವರ ಬೀದಿಯ ರೂಢಿ ಅದು. ಒಂದು ಮನೆಯ ಅಂಚಿನ ಚಿತ್ರ ಆ ಮನೆಯದು, ಅವರಾಗಿ ಕೈಯಾರೆ ತಂದುಕೊಟ್ಟು "ನೇಯಿ" ಎನ್ನಬೇಕು. "ಆ ಮನೆಯವರು ಊರಲ್ಲೇ ಇಲ್ವಲ್ಲಪ್ಪ, ಈಗ ಇದು ಲೈಬ್ರರಿದು" ಎಂದಳು ಗಾಯತ್ರಿ. "ಲೈಬ್ರರಿ ಅಂದ್ರೆ ಯಾರು? ಹೆಸ್ರು ಹೇಳು" ಎಂದರು ಅವರು. ನನ್ನ ಹೆಸರು ಹೇಳಿದೆ. ತಲೆಯಾಡಿಸಿದರು. "ನೀವು ಕಾಯೋರು ತಾಯಿ. ನಿಮ್ದಲ್ಲ ಅದು." ಅದು ನಿಜವೇ. ಸೇವೆಯುದ್ದಕ್ಕೂ ಯಾರೂ ನನ್ನ ಕೆಲಸವನ್ನು ಇಷ್ಟು ಸರಿಯಾಗಿ ಹೇಳಿರಲಿಲ್ಲ.

ವಾಪಸು ಬರುತ್ತಾ ದಾರಿಯಲ್ಲಿ ಹೊಳೆಯಿತು. ಮಾರನೇ ದಿನ ಶಿವಮಲ್ಲು ಬಂದ ಕೂಡಲೇ ಅವನ ಗ್ರಂಥಾಲಯದ ಕಾರ್ಡು ಈಸಿಕೊಂಡೆ. ಒಂಬತ್ತೂ ಸಂಪುಟಗಳನ್ನು ಅವನ ಹೆಸರಿಗೆ ಹಾಕಿ, ಒಂದೊಂದಕ್ಕೂ ಹಿಂದಿರುಗಿಸುವ ತಾರೀಖಿನ ಮುದ್ರೆ ಒತ್ತಿದೆ. ಆ ಮುದ್ರೆಯ ಸದ್ದು ಕೇಳಿ ಆ ಗೋಡೆಗಳಿಗೆ ಎಷ್ಟು ಕಾಲವಾಗಿತ್ತೋ.

"ಓದಾಕಾಗ್ದಿರೋ ಪುಸ್ತಕಾನ ಕಣ್ಣ್ ಕಾಣ್ದೋನ್ಗೆ ಬರ್ದ್ ಕೊಡ್ತಾವ್ರಲ್ಲ ಮೇಡಮ್ಮೋರು" ಎಂದ ಮಲ್ಲಣ್ಣ.

"ಒಂಬತ್ತ್ ಬುಕ್ಕು ಒಟ್ಗೆ ತಕಂಡೋನು ಈ ಸೆಂಟರ್ನಲ್ಲಿ ನಾನೊಬ್ನೇ ಕಣಣ್ಣ. ಒಟ್ಟೆಕಿಚ್ಚು ನಿಂಗೆ" ಎಂದ ಶಿವಮಲ್ಲು.

ಗಂಟುಗಳನ್ನು ಆಟೋದಲ್ಲಿ ಹೇರಿಕೊಂಡು ಹೋದೆವು. ಶಿವಮಲ್ಲು ಹೊಸ್ತಿಲಲ್ಲಿ ನಿಂತು ಎರಡೂ ಕೈಯಲ್ಲಿ ಮೊದಲ ಗಂಟು ಹಿಡಿದು, "ಈಗ ಇದು ನನ್ ಎಸ್ರಲ್ಲಿ ಅದೆ ಅಪ್ಪಾಜಿ. ನೇಯ್ಕೊಡಿ" ಎಂದ. ವೆಂಕಟಾಚಲಯ್ಯನವರು ಅವನನ್ನು, ಅವನ ಕಣ್ಣನ್ನು, ನನ್ನನ್ನು ನೋಡಿದರು. ಕೈ ಚಾಚಿ ಗಂಟು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

ಅಷ್ಟರಲ್ಲಿ ನಿಜವಾದ ಮಳೆ ಹಿಡಿಯಿತು. ಹಸ್ತ ಮಳೆ. ತಂಡಿಗೆ ರಟ್ಟು ಉಬ್ಬಿ ಜಕಾರ್ಡಿನಲ್ಲಿ ಸಿಕ್ಕಿಕೊಳ್ಳುತ್ತದೆಂದು ಅವರು ಕಾರ್ಡುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿದರು. ಮಗ್ಗಕ್ಕೆ ಹಾಸಿದ ಉದ್ದೆಳೆಗಳಲ್ಲಿ ಸೀರೆ ಮುಗಿದು ಉಳಿದ ತುದಿಯಲ್ಲಿ ನೇಯುವುದೆಂದಾಯಿತು. ಆ ದಿನ ನಾವೆಲ್ಲ ಹೋಗಿ ಮಗ್ಗದ ಸುತ್ತ ಕೂತೆವು. "ತೂತಿನ ವರಸೆ ನೋಡಿದ್ರೆ ಮಾವಿನಕಾಯಿ ಅಂಚು, ಅನುಮಾನವೇ ಇಲ್ಲ" ಎಂದರು ವೆಂಕಟಾಚಲಯ್ಯ. ಲಾಳಿ ಓಡಿತು, ಕಾರ್ಡು ಮಗುಚಿತು, ಜರಿಯ ಎಳೆ ಕೂತಿತು. ಬೆರಳಗಲ ಬಂದ ಮೇಲೆ ಅವರು ಬಗ್ಗಿ ನೋಡಿ, "ಏನೇ ಇದು?" ಎಂದು ಮಗಳನ್ನು ಕೇಳಿದರು. ಮಾವಿನಕಾಯಿಗೆ ಎರಡು ಕಾಲು ಬಂದಿದ್ದವು. ಕಾರ್ಡು ಪೋಣಿಸಿದವರು ತಿರುಗುಮುರುಗಾಗಿ ಪೋಣಿಸಿದ್ದರಿಂದ ಸಾಲಾಗಿ ಹಕ್ಕಿಗಳು ಕಾಲು ಮೇಲೆ ಮಾಡಿ ಬರುತ್ತಿದ್ದವು. ಗಾಯತ್ರಿ ನಕ್ಕೂ ನಕ್ಕೂ ಸುಸ್ತಾದಳು. "ಸುಮ್ನಿರೇ, ವಯಸ್ಸಾಯ್ತು ನಂಗೂ" ಎಂದು ಅಪ್ಪ ಗದರಿ ತಾವೂ ನಕ್ಕರು.

ಒಂದು ಗೇಣು ನೇಯ್ದು ಕತ್ತರಿಸಿ ಮೊದಲು ತಂದವನ ಕೈಗೇ ಕೊಟ್ಟರು. ಶಿವಮಲ್ಲು ಬಟ್ಟೆಯನ್ನು ತೊಡೆಯ ಮೇಲೆ ಹರಡಿ, ಗ್ರಂಥಾಲಯದಲ್ಲಿ ಮಾಡಿದ್ದಂತೆಯೇ ಎರಡು ತೋರುಬೆರಳು ಇಟ್ಟ. ಎಡದಿಂದ ಬಲಕ್ಕೆ ಹೋದ.

"ಮೇಡಂ" ಎಂದ. "ಈಗ ಉಬ್ಬದೆ."

ನನಗೆ ಅಳು ಬಂತು. ಮಗ್ಗದ ಕಡೆ ತಿರುಗಿ ಮೂಗು ಒರೆಸಿಕೊಂಡೆ. ಅವನು ಜರಿಯ ಕೊಕ್ಕು, ಜರಿಯ ರೆಕ್ಕೆ, ಕಾಲು ಎಲ್ಲವನ್ನೂ ಬೆರಳಿನಲ್ಲಿ ಹುಡುಕಿ ಹುಡುಕಿ ಗಾಯತ್ರಿಯನ್ನು ಕೇಳುತ್ತಿದ್ದ, ಇದು ಕತ್ತಾ, ಇದು ಬಾಲವಾ ಎಂದು. ಬಸ್ಸಿನ ಹೊತ್ತಾದ ಮೇಲೆ ಬಟ್ಟೆ ಮಡಚಿ ನನಗೆ ಕೊಟ್ಟ. "ಕಳ್ಸಿ ಮೇಡಂ, ಮಿಷನ್ ಬರ್ಲಿ. ಇದು ವಾಪಸ್ ಬತ್ತದೆ ಅಲ್ವಾ?" "ಬರುತ್ತೆ" ಎಂದೆ. ಬರುತ್ತದೆಂದು ನನಗೆ ಆಗ ನಂಬಿಕೆಯೂ ಇತ್ತು.

ಬಟ್ಟೆ ಹೋಯಿತು. ಉತ್ತರ ಬರಲಿಲ್ಲ. ಯಂತ್ರವೂ ಬರಲಿಲ್ಲ. ಚಿತ್ತೆ ಮಳೆಯಲ್ಲಿ ಗೋದಾಮಿನ ಮೂಲೆ ಸೋರಿ ಆನೆಯ ಪುಸ್ತಕ ನೆನೆಯಿತು. ನಾವು ಓದುತ್ತಲೇ ಇದ್ದೆವು. ದಸರಾ ರಜೆಯಲ್ಲಿ ಊರಿಗೆ ಹೋಗದೆ ನಾನು ಉಳಿದುಕೊಂಡೆ. ಹೋಗಲು ಮನೆಯಲ್ಲಿ ಯಾರಿದ್ದರು? ಪರೀಕ್ಷೆಯ ದಿನ ಅವನು ಹೇಳಿದ್ದನ್ನು ಬರೆದುಕೊಡಲು ನೇಮಿಸಿದ್ದ ಹುಡುಗಿಯ ಜೊತೆ ಕೋಣೆಗೆ ಹೋಗುವ ಮುನ್ನ, "ಮೇಡಂ, ನೀವು ನಿದ್ದೆ ಮಾಡಿ ಇವತ್ತು. ದನಿ ಸತ್ತೋಗದೆ" ಎಂದ. ನಿಜವಾಗಿಯೂ ಅಂದು ನಾನು ಟೇಬಲ್ಲಿಗೆ ತಲೆಯಿಟ್ಟು ಮಲಗಿಬಿಟ್ಟೆ. ಮಲ್ಲಣ್ಣ ಎಬ್ಬಿಸಲಿಲ್ಲ.

ಕಾರ್ತಿಕ ಮುಗಿಯುವುದರೊಳಗೆ ನನ್ನನ್ನು ಮೈಸೂರಿಗೆ ಹಿಂದಕ್ಕೆ ಕರೆಸಿಕೊಂಡರು. ಎರಡೂ ಪೇಪರು ಪಾಸಾದ ಸುದ್ದಿ ಫೋನಿನಲ್ಲಿ ಬಂತು. ಬೇಸಿಗೆಯಲ್ಲಿ ಮಲ್ಲಣ್ಣ ಫೋನು ಮಾಡಿದ. "ಮೇಡಂ, ಓದೋ ಡಬ್ಬ ಬಂತು. ಕಣ್ಣ್ ಕಾಣ್ದೋರು ಯಾರೂ ಇಲ್ಲ ಈಗ. ಯಾರ್ಗೆ ಕೊಡಾನ?" ಅಷ್ಟು ಹೊತ್ತಿಗೆ ಶಿವಮಲ್ಲು ಕಾರ್ಡುಗಳ ಗಂಟನ್ನೆಲ್ಲ ಜೋಪಾನವಾಗಿ ಹಿಂದಿರುಗಿಸಿ, ಹನೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಸೇರಿದ್ದ. ಆಗೀಗ ಮಾತಾಡುವಾಗ ಬಟ್ಟೆಯ ವಿಷಯ ಅವನು ಎತ್ತುತ್ತಿರಲಿಲ್ಲ. ಎತ್ತದೆ ಇದ್ದದ್ದೇ ನನ್ನನ್ನು ಕಾಡುತ್ತಿತ್ತು. ಕೇಳಿದಾಗಲೆ‍ಲ್ಲ ಕಚೇರಿಯವರು ಫೈಲು ಮೇಲಿದೆ ಎನ್ನುವರು, ಇಲ್ಲವೇ ಕೆಳಗಿದೆ ಎನ್ನುವರು.

ನಿವೃತ್ತಿಯ ಹಿಂದಿನ ವಾರ ದಾಖಲೆ ಕೋಣೆಗೆ ನಾನೇ ಹೋದೆ. ನಾಶ ಮಾಡಬೇಕಾದ ಫೈಲುಗಳ ರಾಶಿಯಲ್ಲಿ ಅದಿತ್ತು. ಬಿಚ್ಚಿದರೆ ನನ್ನ ಪತ್ರಗಳು, ಹೆಬ್ಬೆಟ್ಟಿನ ಕಾಗದ, ಕೊನೆಯಲ್ಲಿ ಗುಂಡುಸೂಜಿ ಚುಚ್ಚಿದ್ದ ಆ ಒಂದು ಗೇಣು ಬಟ್ಟೆ. ಅದಕ್ಕೆ ಅಂಟಿಸಿದ್ದ ಚೀಟಿಯಲ್ಲಿ ದುಂಡು ಅಕ್ಷರದಲ್ಲಿ ಬರೆದಿತ್ತು: "ಲಗತ್ತು. ಬ್ರೈಲ್ ಸಂಪುಟದ ಮಾದರಿ ಪುಟ, ಒಂದು." ನಾನು ನಕ್ಕೆ. ಗುಮಾಸ್ತ ಗಾಬರಿಯಾಗಿ ನೋಡಿದ. "ಇದು ಬೇಕಿತ್ತಪ್ಪ" ಎಂದೆ. "ತಗೊಳ್ಳಿ ಮೇಡಂ, ಹೇಗೂ ಸುಡೋದೇ" ಎಂದ.

ಬಸ್ಸು ಹನೂರು ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಕಾಲೇಜಿನ ಜಗುಲಿಯ ಮೇಲೆ ಶಿವಮಲ್ಲು ಕಾದು ಕೂತಿದ್ದ. ಸ್ವಲ್ಪ ದಪ್ಪಗಾಗಿದ್ದಾನೆ. ನನ್ನ ಹೆಜ್ಜೆ ಕೇಳಿಯೇ ಎದ್ದ. "ಮಂಡಿ ನೋವು ಜಾಸ್ತಿ ಆಗದೆ ಅಲ್ವಾ ಮೇಡಂ? ಕಾಲ್ ಎಳೀತಾ ಇವ್ರಿ." ಪೊಟ್ಟಣವನ್ನು ಅವನ ಕೈಗಿಟ್ಟೆ. ಪೇಪರು ಬಿಚ್ಚಿದ. ಬೆರಳು ತಾಗಿದ್ದೇ ತಡ, ಜರಿಯ ಅಂಚನ್ನು ಹುಡುಕಿ ಹಿಡಿದ. ಗುಂಡುಸೂಜಿಯ ತುಕ್ಕು ಹಿಡಿದ ಜಾಗವನ್ನೂ ಸವರಿ ನೋಡಿದ.

"ಡೇಟು ಮೀರೋಗದೆ ಮೇಡಂ" ಎಂದ ಕೊನೆಗೆ. "ಫೈನ್ ಯಾರ್ ಕಟ್ಟಾದು?"

"ನಾನಲ್ಲಪ್ಪ, ನಾನು ರಿಟೈರಾದೆ" ಎಂದೆ. ಇಷ್ಟು ದೂರದ ಬಸ್ಸು, ಇಷ್ಟು ವರ್ಷದ ಮುದ್ರೆ, ಧೂಳು, ಎಲ್ಲ ಒಟ್ಟಿಗೆ ಮೈಮೇಲೆ ಬಂದು ಅಲ್ಲೇ ಕಂಬಕ್ಕೆ ಆತುಕೊಂಡೆ.

"ಕುಂತ್ಕಳಿ, ಕುಂತ್ಕಳಿ" ಎಂದು ಬೆಂಚು ಒರೆಸಿ ನನ್ನನ್ನು ಕೂರಿಸಿದ. ಪಕ್ಕದಲ್ಲಿ ತಾನೂ ಕೂತು ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡ. "ಅವತ್ತೆಲ್ಲಾ ನೀವ್ ಓದಿದ್ರಿ. ಇವತ್ತು ನಾನ್ ಓದ್ತೀನಿ, ನೀವ್ ಕೇಳಿ."

ಕಣ್ಣು ಮುಚ್ಚಿಕೊಂಡೆ. ಅವನ ಬೆರಳು ರೇಷ್ಮೆಯ ಮೇಲೆ ಸರಿಯುವ ಸಣ್ಣ ಸದ್ದು ಕೇಳಿಸಿತು.

"ಹಕ್ಕಿ" ಎಂದ. ಉಸಿರು ತೆಗೆದುಕೊಂಡ. "ಇನ್ನೊಂದ್ ಹಕ್ಕಿ."